ಆಟಿ ಕುಳಿತದ್ದು

ತುಳುನಾಡಿನಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳನ್ನು ಮೊದಲ ವರ್ಷದ ಆಟಿ ತಿಂಗಳಲ್ಲಿ ತವರಿಗೆ ಕರೆತರುವ ಕ್ರಮವಿದೆ. ಅದಕ್ಕೆ 'ಆಟಿ ಕುಲ್ಲುನಿ', ಅಂದರೆ ಆಟಿ ಕುಳಿತುಕೊಳ್ಳುವುದು ಎಂದೇ ಹೆಸರು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಭತ್ತದ ನೇಜಿ ನೆಟ್ಟು ಮುಗಿದು, ಮಳೆ ಬಿಡದೆ ಸುರಿದು, ಹಿಂದಿನ ಕಾಲದಲ್ಲಾದರೆ ಅಕ್ಕಿಯ ಮುಡಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ತಿಂಗಳು ಅದು. 1996ರ ಆಟಿಯಲ್ಲಿ ನಾನು ಹಾಗೆ ಕುಳಿತೆ. ಶಿರ್ವದ ಕಡೆಯ ನಮ್ಮ ಹಳೆಯ ಹಂಚಿನ ಮನೆಯ ಜಗಲಿಯಲ್ಲಿ ಕಾಲು ಚಾಚಿಕೊಂಡು, ಮಾಡಿನಂಚಿನಿಂದ ಇಳಿಯುವ ನೀರನ್ನು ನೋಡುತ್ತಾ ದಿನ ಕಳೆದೆ. ಅಮ್ಮ ಒಂದು ಕಡ್ಡಿ ಎತ್ತಲೂ ಬಿಡಲಿಲ್ಲ. ಹಲಸಿನ ಹಪ್ಪಳ ಕಾಯಿಸಿ ಕೊಟ್ಟಳು. ಆಟಿ ಅಮಾವಾಸ್ಯೆಯಂದು ಸೂರ್ಯ ಹುಟ್ಟುವ ಮೊದಲೇ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ಕೆತ್ತೆಯ ಕಷಾಯ ಕುಡಿಸಿ, ಕಹಿ ಹೋಗಲೆಂದು ಬೆಲ್ಲದ ತುಂಡು ಕೈಯಲ್ಲಿಟ್ಟು, ಆಮೇಲೆ ಮೆಂತೆ ಗಂಜಿ ಬಡಿಸಿದಳು. "ಕುಳಿತಿರು ಮಗಾ, ಇನ್ನು ನಿನಗೆ ಕುಳಿತುಕೊಳ್ಳಲು ಎಲ್ಲಿ ಆಗುತ್ತದೆ" ಎಂದಿದ್ದಳು. ಅದು ಮುದ್ದಿನ ಮಾತೆಂದು ನಾನು ತಿಳಿದಿದ್ದೆ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ತನ್ನ ಅನುಭವವನ್ನೇ ಹೇಳುತ್ತಿದ್ದಳು ಎಂದು ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು.

ಉಡುಪಿ ಪ್ರತ್ಯೇಕ ಜಿಲ್ಲೆಯಾದ 1997ರಲ್ಲೇ ಇವರು ಮಸ್ಕತ್‌ಗೆ ಹೋದರು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಇನ್ನೂ ಕೆಲವು ತಿಂಗಳಿದ್ದುದರಿಂದ ಮುಂಬಯಿವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ವಿಮಾನ ಹತ್ತಿದರು. ಮರುವರ್ಷ ಮಗಳು ಹುಟ್ಟಿದಳು, 2002ರಲ್ಲಿ ಮಗ. ಇವರು 2019ರಲ್ಲಿ ಕೆಲಸ ಬಿಟ್ಟು ಬರುವವರೆಗಿನ ಇಪ್ಪತ್ತೆರಡು ವರ್ಷಗಳನ್ನು ನಾನು ಎರಡೇ ಮಾತಿನಲ್ಲಿ ಹೇಳಬಲ್ಲೆ: ಮನೆ ನಡೆಯಿತು, ಮಕ್ಕಳು ಬೆಳೆದರು. ನಮ್ಮ ಕರಾವಳಿಯಲ್ಲಿ ಇಂಥ ಮನೆಗಳು ಬೀದಿಗೆ ನಾಲ್ಕಿವೆ. ಮಕ್ಕಳ ಜ್ವರಕ್ಕೆ ರಾತ್ರಿ ರಿಕ್ಷಾ ಹಿಡಿದವಳು, ಬ್ಯಾಂಕಿನ ಸಾಲದ ಕಾಗದಕ್ಕೆ ಓಡಾಡಿದವಳು, ಸೋರುವ ಮಾಡಿಗೆ ಮೇಸ್ತ್ರಿಯನ್ನು ಹುಡುಕಿ ತಂದವಳು ನಾನೊಬ್ಬಳೇ ಅಲ್ಲ. ಆದ್ದರಿಂದ ಆ ವರ್ಷಗಳ ಕಷ್ಟವನ್ನು ಇಲ್ಲಿ ಬರೆಯುವುದಿಲ್ಲ. ಆ ಕಷ್ಟಕ್ಕೆ ಜನ ಕೊಟ್ಟ ಹೆಸರಿನ ಬಗ್ಗೆ ಮಾತ್ರ ನನಗೆ ಹೇಳಬೇಕಾದದ್ದಿದೆ.

ಮದುವೆ ಮನೆಗಳಲ್ಲಿ, ದೈವದ ನೇಮ ನಡೆಯುವ ಗದ್ದೆಯಲ್ಲಿ, ಮಕ್ಕಳ ಶಾಲೆಯ ಸಭೆಯಲ್ಲಿ ನನ್ನನ್ನು ನೋಡಿದವರು 'ಎಷ್ಟು ತ್ಯಾಗ ಮಾಡಿದ್ದೀರಿ' ಎನ್ನುತ್ತಿದ್ದರು. ಕೇಳಲು ಹಿತವಾಗಿತ್ತು, ಸುಳ್ಳು ಹೇಳಲಾರೆ. ಅನೇಕ ವರ್ಷ ಆ ಮಾತಿನ ಆಸರೆಯಲ್ಲೇ ಬದುಕಿದೆ. ಆದರೆ ಈಗ ಅನಿಸುತ್ತದೆ, ತಾಯಿಯನ್ನು ತ್ಯಾಗಮಯಿ ಎಂದು ಕರೆದ ಕೂಡಲೇ ಅವಳನ್ನು ಬೇರೇನನ್ನೂ ಕೇಳುವ ಅಗತ್ಯ ಯಾರಿಗೂ ಉಳಿಯುವುದಿಲ್ಲ. ಅವಳಿಗೆ ಏನು ಇಷ್ಟ, ಯಾವುದಕ್ಕೆ ಸಿಟ್ಟು, ಯಾವುದರ ಭಯ, ರಾತ್ರಿ ಯಾಕೆ ನಿದ್ದೆ ಬರುವುದಿಲ್ಲ ಎಂದು ಕೇಳದಿರಲು ಅದೊಂದು ಸುಲಭದ ದಾರಿ. ನಮ್ಮ ಊರಿನಲ್ಲಿ ಇದು ನನ್ನನ್ನು ಇನ್ನಷ್ಟು ಕಾಡುತ್ತದೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ನಾಡು ಇದು. ನಮ್ಮಂಥ ಹಲವು ಸಮುದಾಯಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ಇಂದಿಗೂ ತಾಯಿಯದೇ. ದೈವದ ಮುಂದೆ ಕುಟುಂಬದ ಹೆಸರು ಹೇಳುವಾಗ ನಾವು ಹೆಂಗಸರ ಸಂತಾನವೆಂದು ಹೆಮ್ಮೆಯಿಂದ ನಿಲ್ಲುತ್ತೇವೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ, ನನ್ನಿಂದ ಮಗಳಿಗೆ ಬಳಿ ಇಳಿದು ಬಂದಿದೆ. ಆದರೆ ನನ್ನ ಅಜ್ಜಿಗೆ ಏನು ಇಷ್ಟವಿತ್ತೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ತ್ಯಾಗ ಎಂಬ ಮಾತಿನ ಇನ್ನೊಂದು ಮುಖವನ್ನು ತೋರಿಸಿದವಳು ಮಗಳು. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಮೊದಲ ಸ್ಥಾನಕ್ಕಾಗಿ ಪೈಪೋಟಿ ನಡೆಸುವುದನ್ನು ರಾಜ್ಯವೆಲ್ಲ ಮೆಚ್ಚುತ್ತದೆ. ಆ ಮೆಚ್ಚುಗೆಯ ಒಳಗೆ ನಮ್ಮ ಮನೆಯಂಥ ಮನೆಗಳ ರಾತ್ರಿಗಳಿವೆ. 2014ರಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗಳು ಚಿತ್ರಕಲೆ ಕಲಿಯುತ್ತೇನೆ, ಪಿಯುಸಿಗೆ ಕಲಾ ವಿಭಾಗ ಸೇರುತ್ತೇನೆ ಎಂದಳು. ನಾನು ಬೈಯಲಿಲ್ಲ. ಊಟ ಬಿಟ್ಟೆ, ಅಡುಗೆಮನೆಯಲ್ಲಿ ಕುಳಿತು ಅತ್ತೆ. ನಿನ್ನ ಅಪ್ಪ ಅಲ್ಲಿ ಬಿಸಿಲಿನಲ್ಲಿ ದುಡಿಯುವುದು ಯಾರಿಗಾಗಿ ಎಂದು ಕೇಳಿದೆ. ಮೂರನೆಯ ದಿನ ಅವಳು ವಿಜ್ಞಾನ ವಿಭಾಗದ ಅರ್ಜಿ ತುಂಬಿ ತಂದು ಮೇಜಿನ ಮೇಲಿಟ್ಟಳು. ಚೆನ್ನಾಗಿಯೇ ಓದಿದಳು, ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. 2022ರ ಒಂದು ರಾತ್ರಿ ಫೋನಿನಲ್ಲಿ ಏನೋ ಮಾತಾಡುತ್ತಾ, ಧ್ವನಿ ಏರಿಸದೆ ಕೇಳಿದಳು: "ಅಮ್ಮ, ಅವತ್ತು ನೀನು ಅತ್ತದ್ದು ನನಗಾಗಿಯಾ, ನಿನಗಾಗಿಯಾ?"

ಉತ್ತರ ಕೊಡಲು ನನಗೆ ನಾಲ್ಕು ದಿನ ಬೇಕಾಯಿತು. ನಾನು ಅತ್ತದ್ದು ನನಗಾಗಿ. ಮಗಳು ಅಡ್ಡದಾರಿ ಹಿಡಿದಳು ಎಂದು ಊರಿನವರು ಆಡಿಕೊಂಡರೆ, ಗಂಡ ದೂರದಲ್ಲಿದ್ದಾಗ ಇವಳು ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಮಾತು ಬರುತ್ತದೆ ಎಂಬ ಹೆದರಿಕೆ ಅದು. ಆ ಹೆದರಿಕೆಗೆ ಪ್ರೀತಿ ಎಂಬ ಹೆಸರಿಟ್ಟು ಮಗುವಿನ ತಲೆಯ ಮೇಲೆ ಹೊರಿಸಿದ್ದೆ. ನಾಲ್ಕನೆಯ ದಿನ ಅವಳಿಗೆ ಅದನ್ನೇ ಹೇಳಿ ಕ್ಷಮೆ ಕೇಳಿದೆ. "ಗೊತ್ತಿತ್ತು ಅಮ್ಮ, ನೀನು ಹೇಳುತ್ತೀಯಾ ಎಂದು ನೋಡಿದೆ" ಎಂದಳು. ಆಮೇಲೆ ಇಬ್ಬರೂ ಬಹಳ ಹೊತ್ತು ಸುಮ್ಮನಿದ್ದೆವು, ಫೋನು ಇಡಲಿಲ್ಲ. ನಮ್ಮಿಬ್ಬರ ನಡುವಿನ ನಿಜವಾದ ಮಾತುಕತೆ ಆ ರಾತ್ರಿಯಿಂದ ಆರಂಭವಾಯಿತು ಎನ್ನಬಹುದು.

ನನ್ನನ್ನು ನಾನು ಅಷ್ಟಾದರೂ ನೋಡಿಕೊಳ್ಳುವ ಧೈರ್ಯ ಬಂದದ್ದು ಎಲ್ಲಿಂದ ಎಂದು ಯೋಚಿಸಿದರೆ, ಕಣ್ಣ ಮುಂದೆ ಬರುವುದು ನಮ್ಮ ತಾರಸಿ. 2021ರಲ್ಲಿ ಮಗನೂ ಬೆಂಗಳೂರಿಗೆ ಹೋದ ಮೇಲೆ ಮನೆಯಲ್ಲಿ ಕೆಲಸವೇ ಇಲ್ಲದಂತಾಯಿತು. ಬೆಳಿಗ್ಗೆ ಐದಕ್ಕೆ ಎಚ್ಚರವಾಗುವ ರೂಢಿ ಮಾತ್ರ ಹೋಗಲಿಲ್ಲ. ಶಂಕರಪುರದ ಒಬ್ಬ ಬೆಳೆಗಾರರಿಂದ ಮಲ್ಲಿಗೆಯ ಬೇರು ಬಂದ ಗಿಡಗಳನ್ನು ತಂದು, ತಾರಸಿಯ ಮೇಲೆ ಮೊದಲು ಹತ್ತು, ಆಮೇಲೆ ನಲವತ್ತು ಕುಂಡಗಳಲ್ಲಿ ನೆಟ್ಟೆ. ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಹೂ ಅದು. ಕೆಂಪು ಮಣ್ಣು, ಹಟ್ಟಿಗೊಬ್ಬರ, ನೆನೆಸಿದ ಕಡಲೆಹಿಂಡಿಯ ನೀರು, ದಿನವಿಡೀ ಬಿಸಿಲು, ಇಷ್ಟಿದ್ದರೆ ಗಿಡ ಬದುಕುತ್ತದೆ. ಕುಂಡದ ತಳದಲ್ಲಿ ನೀರು ನಿಲ್ಲಬಾರದು. ಮಳೆಗಾಲ ಕಳೆದ ಮೇಲೆ ಗೆಲ್ಲುಗಳನ್ನು ಸವರಬೇಕು. ಮೊದಲ ಸಲ ಸವರುವಾಗ ನನ್ನ ಕೈ ನಡುಗಿತು, ಹಸಿರಾಗಿದ್ದುದನ್ನು ಯಾಕೆ ಕತ್ತರಿಸಬೇಕೆಂದು ಅರ್ಧಕ್ಕೇ ಬಿಟ್ಟೆ. ಸವರಿದ ಗಿಡಗಳಲ್ಲಿ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬಂತು, ಬಿಟ್ಟ ಗಿಡಗಳಲ್ಲಿ ಬರೀ ಎಲೆ ತುಂಬಿಕೊಂಡಿತು.

ಮೊಗ್ಗನ್ನು ಅರಳುವ ಮೊದಲು, ಬೆಳಗ್ಗೆಯೇ ಕೊಯ್ಯಬೇಕು. ಒಂದು ದಿನ ತಪ್ಪಿದರೆ ಅದು ಮಾರುವ ಹೂವಲ್ಲ. ಕೊಯ್ದದ್ದನ್ನು ಬಾಳೆನಾರಿನಲ್ಲಿ ಕಟ್ಟಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3200 ಹೂ. ಅಟ್ಟೆಗೆ ಇಷ್ಟು ಎಂದು ದಿನದಿನವೂ ದರ ಬದಲಾಗುತ್ತದೆ. ಮದುವೆ, ನೇಮ, ಹಬ್ಬಗಳ ದಿನಗಳಲ್ಲಿ ಎರಡು ಸಾವಿರ ದಾಟುವುದೂ ಇದೆ, ಬೇಸಿಗೆಯಲ್ಲಿ ಹೂ ತುಂಬಿ ಬಂದಾಗ ನೆಲಕ್ಕಿಳಿಯುವುದೂ ಇದೆ. ನನ್ನ ನಲವತ್ತು ಕುಂಡಗಳಿಂದ ಒಳ್ಳೆಯ ದಿನ ಒಂದು ಚೆಂಡು ಆಗುತ್ತದೆ, ಹೆಚ್ಚಿನ ದಿನ ಅದೂ ಇಲ್ಲ. ಹಣದ ಲೆಕ್ಕದಲ್ಲಿ ಅದು ದೊಡ್ಡದಲ್ಲ. ಆದರೂ ಮೊದಲ ತಿಂಗಳ ಹೂವಿನ ದುಡ್ಡು ಕೈಗೆ ಬಂದಾಗ ಏನು ಮಾಡಬೇಕೆಂದು ತಿಳಿಯದೆ ಮೂರು ವಾರ ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದೆ. ಮನೆಗೆ ಏನು ಬೇಕು ಎಂದು ಪಟ್ಟಿ ಮಾಡಲು ನನಗೆ ಬರುತ್ತಿತ್ತು. ನನಗೇನು ಬೇಕು ಎಂದು ಪಟ್ಟಿ ಮಾಡಲು ಕುಳಿತರೆ ಕಾಗದ ಖಾಲಿ ಉಳಿಯುತ್ತಿತ್ತು. ಕೊನೆಗೆ ಒಂದು ಜೊತೆ ಒಳ್ಳೆಯ ಚಪ್ಪಲಿ ಕೊಂಡು, ಅದನ್ನು ಹಾಕಿಕೊಂಡು ಒಬ್ಬಳೇ ಮಲ್ಪೆಗೆ ಹೋದೆ. ಜೂನ್ ಮತ್ತು ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಕಾಲ ಅದು, ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿದ್ದವು. ಕಡಲು ಕೆಂಪಾಗಿ ಕುದಿಯುತ್ತಿತ್ತು. ಹುಟ್ಟಿದಂದಿನಿಂದ ಕಡಲಿನ ಹತ್ತಿರವೇ ಇದ್ದರೂ, ಮಗುವಿನ ಕೈ ಹಿಡಿಯದೆ, ಯಾರು ನೀರಿಗಿಳಿದಾರು ಎಂದು ಎಚ್ಚರ ವಹಿಸದೆ ಕಡಲನ್ನು ನೋಡಿದ್ದು ಅಂದೇ ಮೊದಲು. ಗಾಳಿಯಲ್ಲಿ ಕೊಡೆ ನಿಲ್ಲಲಿಲ್ಲ, ಅದನ್ನು ಮಡಚಿ ನೆನೆಯುತ್ತಲೇ ನಿಂತೆ. ನನಗೆ ಏಕಾಂತ ಇಷ್ಟ ಎಂದು ಆಗ ತಿಳಿಯಿತು. ಮೂವತ್ತು ಜನರಿಗೆ ಬಡಿಸಬಲ್ಲ ಹೆಂಗಸು ಎಂದು ಊರಿಗೆಲ್ಲ ಗೊತ್ತಿದ್ದವಳಿಗೆ ಇದು ಸಣ್ಣ ಸುದ್ದಿಯಲ್ಲ.

ಇವರ ಬಗ್ಗೆಯೂ ಹೇಳಬೇಕು. 2019ರಲ್ಲಿ ಮನೆಗೆ ಬಂದಾಗ ನಾವಿಬ್ಬರೂ ಒಂದೇ ಮನೆಯ ಇಬ್ಬರು ಅತಿಥಿಗಳಂತಿದ್ದೆವು. ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ವರ್ಷಕ್ಕೊಮ್ಮೆ, ನಲವತ್ತು ದಿನದ ರಜೆಯಲ್ಲಿ ಬಂದು ಹೋಗುತ್ತಿದ್ದ ಮನುಷ್ಯರಿಗೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತಿಳಿದಿರಲಿಲ್ಲ. ನನಗೆ ಅವರು ಮಧ್ಯಾಹ್ನ ಮನೆಯಲ್ಲಿರುವುದೇ ಕಿರಿಕಿರಿಯಾಗುತ್ತಿತ್ತು. ಅಷ್ಟು ವರ್ಷ ಕಾದದ್ದು ಇವರಿಗಾಗಿಯಾ ಎಂದು ಮನಸ್ಸಿನಲ್ಲೇ ಕೇಳಿಕೊಂಡ ದಿನಗಳಿವೆ. ಒಂದು ಮುಂಜಾನೆ ನನಗೆ ಜ್ವರ ಬಂದು ಏಳಲಾಗದಿದ್ದಾಗ, ಇವರೇ ಟಾರ್ಚ್ ಹಿಡಿದು ತಾರಸಿಗೆ ಹೋಗಿ ಮೊಗ್ಗು ಕೊಯ್ದು ತಂದರು. ಅರ್ಧ ಮೊಗ್ಗುಗಳು ಬಲಿಯದೆ ಇನ್ನೂ ಹಸಿರಾಗಿಯೇ ಇದ್ದವು, ಮರುದಿನ ಕೊಯ್ಯಬೇಕಾದವು. ನಾನು ಏನೂ ಹೇಳಲಿಲ್ಲ, ಅವರೇ ಬುಟ್ಟಿ ನೋಡಿ ಅರ್ಥ ಮಾಡಿಕೊಂಡು ಮೌನವಾದರು. ಮರುದಿನದಿಂದ ಯಾವುದು ಇಂದಿನದು, ಯಾವುದು ನಾಳೆಯದು ಎಂದು ಕೇಳಿ ಕಲಿಯತೊಡಗಿದರು. ಈಗ ದಿನಾಲೂ ಐದೂವರೆಗೆ ನಾವಿಬ್ಬರೂ ತಾರಸಿಯಲ್ಲಿರುತ್ತೇವೆ. ಮಾತು ಕಡಿಮೆ. ಎಂದೋ ಒಮ್ಮೆ ಅವರು ಮಸ್ಕತ್‌ನ ಕೋಣೆಯಲ್ಲಿ ಆರು ಜನರೊಂದಿಗೆ ಮಲಗುತ್ತಿದ್ದುದನ್ನು ಹೇಳುತ್ತಾರೆ, ಮಗಳು ಹುಟ್ಟಿದ ಸುದ್ದಿ ತಿಳಿದ ದಿನ ಯಾರಿಗೆ ಹೇಳಬೇಕೆಂದು ತೋಚದೆ ರಸ್ತೆಯಲ್ಲಿ ನಡೆದದ್ದನ್ನು ಹೇಳುತ್ತಾರೆ. ಇಪ್ಪತ್ತೆರಡು ವರ್ಷ ಅವರನ್ನೂ ಯಾರೂ ಏನೂ ಕೇಳಿರಲಿಲ್ಲ. ಅವರಿಗೂ ಜನ ತ್ಯಾಗ ಎಂಬ ಮಾತನ್ನೇ ಕೊಟ್ಟಿದ್ದರು. ಪ್ರೀತಿ ಎಂದರೆ ನನಗೆ ಈ ವಯಸ್ಸಿನಲ್ಲಿ, ಇನ್ನೊಬ್ಬರು ಹೇಳುವವರೆಗೆ ಕಾಯುವುದು ಮತ್ತು ಹೇಳಿದಾಗ ಕೈಕೆಲಸ ನಿಲ್ಲಿಸಿ ಕೇಳುವುದು. ಮದುವೆಯ ಮೊದಲ ವರ್ಷಕ್ಕಿಂತ ಈಗ ಇವರ ಮೇಲೆ ನನಗೆ ಹೆಚ್ಚು ಪ್ರೀತಿಯಿದೆ ಎಂದು ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ಹೂ ಕಟ್ಟಲು ನಾನು ಕಲಿತದ್ದು ಅಮ್ಮನ ಕೈ ನೋಡಿ. ನಮ್ಮದೇ ತೋಟ ಇರಲಿಲ್ಲ. ನೆರೆಯ ಬೆಳೆಗಾರರ ಹೂ ತಂದು, ಚೆಂಡಿಗೆ ಇಷ್ಟು ಎಂಬ ಕೂಲಿಗೆ ಅಮ್ಮ ಕಟ್ಟುತ್ತಿದ್ದಳು. ಆ 1996ರ ಆಟಿಯನ್ನು ಈಗ ನೆನೆದರೆ ಜಗಲಿಯ ಆಚೆ ತುದಿಯೂ ಕಾಣುತ್ತದೆ. ಮಳೆಯಲ್ಲಿ ಹೂ ಕಡಿಮೆ, ದರ ಹೆಚ್ಚು, ಇದ್ದ ಹೂವನ್ನು ಬೇಗ ಕಟ್ಟಿಕೊಡಬೇಕು. ನಾನು ಕಾಲು ಚಾಚಿ ಕುಳಿತಿದ್ದಾಗ ಅವಳು ಅಲ್ಲಿ ಕುಳಿತು, ತುಟಿಯೊಳಗೆ ಎಣಿಸುತ್ತಾ, ಬೆರಳು ಓಡಿಸುತ್ತಿದ್ದಳು. 2001ರಲ್ಲಿ ಅಪ್ಪ ತೀರಿಕೊಂಡರು. ಆಮೇಲೆಯೂ ಹದಿನೈದು ವರ್ಷ ಅಮ್ಮ ಹೂ ಕಟ್ಟಿದಳು. ಮುಡಿಯುವುದು ಮಾತ್ರ ಅಪ್ಪನೊಂದಿಗೆ ನಿಂತುಹೋಗಿತ್ತು, ಆ ಬಗ್ಗೆ ನಮ್ಮಲ್ಲಿ ಯಾರೂ ಒಂದು ಮಾತೂ ಆಡಿರಲಿಲ್ಲ.

2025ರ ಆಟಿಯಲ್ಲಿ ನಾನು ಅಮ್ಮನನ್ನು ಅಂಬಲಪಾಡಿಯ ನಮ್ಮ ಮನೆಗೆ ಕರೆತಂದೆ. ಎಪ್ಪತ್ತೆಂಟರ ಹೆಂಗಸನ್ನು ಆಟಿ ಕುಳ್ಳಿರಿಸುವುದೆಂದು ನೆಂಟರಿಗೆ ಹೇಳಿದಾಗ ಕೆಲವರಿಗೆ ಅರ್ಥವಾಗಲಿಲ್ಲ. ಮೊದಲ ಎರಡು ದಿನ ಅವಳು ಕೆಲಸ ಹುಡುಕುತ್ತಾ ಅಡುಗೆಮನೆಗೂ ಹಿತ್ತಲಿಗೂ ನಡೆದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಮೂರನೆಯ ದಿನ ನಾನು ಮೆಟ್ಟಿಲ ಪಕ್ಕದ ಮಾಡಿನಡಿ ಕುರ್ಚಿ ಹಾಕಿ, ಅವಳು ನನಗೆ ಹೇಳಿದ್ದನ್ನೇ ಅವಳಿಗೆ ಹೇಳಿದೆ. "ಕುಳಿತಿರಮ್ಮ." ಕುಳಿತಳು. ಸ್ವಲ್ಪ ಹೊತ್ತಿನ ನಂತರ ಕೈಚಾಚಿ ನಾನು ಕಟ್ಟಿದ ಮಾಲೆಯನ್ನು ತೆಗೆದುಕೊಂಡು ಬೆರಳಿನಲ್ಲಿ ಜಾರಿಸಿ ನೋಡಿ, "ಇದು ಎಂಟುನೂರು ಇಲ್ಲ" ಎಂದಳು. ಎಣಿಸಿದರೆ ಹದಿನೆಂಟು ಕಡಿಮೆಯಿತ್ತು. ಕಟ್ಟುತ್ತೇನೆ ಕೊಡು ಎಂದಳು. ಕೊಡಲಿಲ್ಲ. ಬಟ್ಟಲಲ್ಲಿ ಉಳಿದಿದ್ದ ಮೊಗ್ಗುಗಳನ್ನು ನಾನೇ ಒಂದು ಗೇಣುದ್ದ ಕಟ್ಟಿ, ಮುಡಿಯುತ್ತೀಯಾ ಎಂದು ಕೇಳಿದೆ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅಮ್ಮ ನನ್ನ ಮುಖ ನೋಡಲಿಲ್ಲ. "ಬೊಡ್ಚಿ ಮಗಾ" ಎಂದಳು, ಬೇಡವೆಂದು. ನಾನು ಒತ್ತಾಯ ಮಾಡಲಿಲ್ಲ, ಆ ತುಂಡನ್ನು ಅಲ್ಲೇ ಕುರ್ಚಿಯ ಪಕ್ಕದ ಬಟ್ಟಲಲ್ಲಿಟ್ಟು ಒಳಗೆ ಹೋದೆ.

ರಾತ್ರಿ ಅವಳಿಗೆ ಹೊದಿಕೆ ಸರಿಯಾಗಿದೆಯೇ ಎಂದು ನೋಡಲು ಕೋಣೆಗೆ ಹೋದಾಗ ದೀಪ ಆರಿತ್ತು, ಹೊರಗೆ ಮಳೆ ಹೊಯ್ಯುತ್ತಿತ್ತು. ಮೊಗ್ಗು ಅರಳಿದ ಪರಿಮಳ ಬಾಗಿಲಲ್ಲೇ ಮುಖಕ್ಕೆ ತಾಗಿತು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೂವಿನ ತುಂಡು ತಲೆದಿಂಬಿನ ಮೇಲೆ, ಅವಳ ಕೆನ್ನೆಯ ಪಕ್ಕದಲ್ಲಿತ್ತು, ಅದರ ಬಾಳೆನಾರಿನ ತುದಿ ಅವಳ ಬೆರಳಿಗೆ ಸುತ್ತಿಕೊಂಡಿತ್ತು.