ಒಂದೇ ಪ್ರೋಗ್ರಾಮಿಗೆ ಆಯುಷ್ಯ ಕೊಟ್ಟವರಿಗೆ ನಾವು ಕೆಲಸ ಕೊಡುತ್ತಿದ್ದೆವೇ?

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವವರೆಗೆ ಕಾಯುವ ಮನಸ್ಸೂ ಇಲ್ಲ.

ನಿನ್ನೆ ಒಂದು ಸಂದರ್ಶನ ಮಂಡಳಿಯಲ್ಲಿ ಕುಳಿತಿದ್ದೆ. ಯಾವ ಕಂಪನಿ ಎಂಬುದು ಇಲ್ಲಿ ಬೇಡ. ಬಂದಿದ್ದ ಹುಡುಗ ಮಲೆನಾಡಿನವನು. ತಂದೆಗೆ ಹುಷಾರಿಲ್ಲದ ಕಾರಣ ಎರಡು ವರ್ಷ ಊರಿನಲ್ಲೇ ಇದ್ದ. ಆ ಅವಧಿಯಲ್ಲಿ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿಯ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ, ಯಾರು ಬೇಕಾದರೂ ಓದಿ ತಿದ್ದಬಹುದಾದ ಸಿದ್ಧ ಕೋಡಿನ) ಹೊಣೆ ಹೊತ್ತಿದ್ದ. ಬಗ್‌ಗಳನ್ನು ಸರಿಪಡಿಸಿದ್ದಾನೆ, ಕಂಡು ಕೇಳದವರು ಕಳುಹಿಸಿದ ಪ್ಯಾಚ್‌ಗಳನ್ನು (ತಿದ್ದುಪಡಿಗಳನ್ನು) ಓದಿ ತಿದ್ದಿದ್ದಾನೆ, ತಪ್ಪದೆ ರಿಲೀಸ್ ಮಾಡಿದ್ದಾನೆ. ಹಿಂದಿನ ರಾತ್ರಿ ಕುಳಿತು ಆ ಕೋಡ್ ಓದಿದ್ದೆ. ಅದರಲ್ಲಿ ಅವಸರವಿಲ್ಲ, ಆಡಂಬರವಿಲ್ಲ, ಪ್ರತಿಯೊಂದು ಬದಲಾವಣೆಗೂ ಕಾರಣ ಬರೆದಿಟ್ಟಿದ್ದಾನೆ. ನನ್ನ ಪಕ್ಕದಲ್ಲಿದ್ದವರು ಮಾತ್ರ ಅರ್ಜಿಯ ಮೇಲೆ ಪೆನ್ನು ಊರಿ, "ಅದೆಲ್ಲ ಸರಿ, ಆ ಎರಡು ವರ್ಷ ಯಾವ ಕಂಪನಿ?" ಎಂದು ಕೇಳಿದರು. "ಕಂಪನಿ ಇರಲಿಲ್ಲ ಸರ್, ಇದೇ ಕೆಲಸ ಮಾಡುತ್ತಿದ್ದೆ" ಎಂದ. ಅವರು ಮತ್ತೆ ಅದನ್ನೇ ಕೇಳಿದರು. ಕೊನೆಗೆ ಹಾಳೆಯ ಅಂಚಿನಲ್ಲಿ ‘ಗ್ಯಾಪ್’ ಎಂದು ಬರೆದುಕೊಂಡರು.

ಅವನು ಹೊರಗೆ ಹೋದ ಮೇಲೆ ನಾನು ವಾದ ಮಾಡಿದೆ. ತೀರ್ಮಾನ ಇನ್ನೂ ಆಗಿಲ್ಲ. ಆದರೆ ಆ ‘ಗ್ಯಾಪ್’ ನನ್ನ ನಿದ್ದೆ ಕೆಡಿಸಿದೆ.

ನನ್ನನ್ನು ಬಲ್ಲವರಿಗೆ ಗೊತ್ತು, ಟಿವಿಯ ಸೆಟ್‌ಟಾಪ್ ಬಾಕ್ಸ್‌ಗಳಿಗೆ ತಂತ್ರಾಂಶ ಬರೆಯುತ್ತಲೇ ನನ್ನ ಕೂದಲು ನರೆತಿದೆ. ನಾನು ಕೆಲಸ ಮಾಡಿದ ಪೆಟ್ಟಿಗೆಗಳಲ್ಲಿ ಲಿಬ್‌ಕರ್ಲ್ ಎಂಬ ಲೈಬ್ರರಿ ಇಲ್ಲದ ಒಂದೇ ಒಂದು ಪೆಟ್ಟಿಗೆಯನ್ನು ನಾನು ಕಂಡಿಲ್ಲ. ಸರ್ವರ್‌ನಿಂದ ಕಾರ್ಯಕ್ರಮಗಳ ಪಟ್ಟಿ ತರುವುದು, ಹೊಸ ಆವೃತ್ತಿ ಇಳಿಸಿಕೊಳ್ಳುವುದು, ಪರದೆಯ ಮೇಲಿನ ಚಿತ್ರಗಳನ್ನು ತರುವುದು, ಹೀಗೆ ಅಂತರಜಾಲದಿಂದ ಏನನ್ನಾದರೂ ತರಬೇಕಾದಾಗ, ಅಲ್ಲಿಗೆ ಏನನ್ನಾದರೂ ಕಳುಹಿಸಬೇಕಾದಾಗ ನಾವು ಅದನ್ನೇ ಕರೆಯುತ್ತೇವೆ. ನಿಮ್ಮ ಮೊಬೈಲ್‌ನ ಎಷ್ಟೋ ಆ್ಯಪ್‌ಗಳಲ್ಲಿ, ಕಾರಿನ ಪರದೆಯಲ್ಲಿ, ಪ್ರಿಂಟರ್‌ನಲ್ಲಿ, ಮಕ್ಕಳು ಆಡುವ ಗೇಮ್‌ಗಳಲ್ಲಿ ಅದು ಇದೆ. ಒಟ್ಟು 2000 ಕೋಟಿಗೂ ಹೆಚ್ಚು ಕಡೆ ಅದು ಸ್ಥಾಪಿತವಾಗಿರಬಹುದು ಎಂಬುದು ಅದನ್ನು ಬರೆದವರ ಅಂದಾಜು. ಭೂಮಿಯ ಮೇಲಿನ ಜನಸಂಖ್ಯೆಯ ಎರಡು ಪಟ್ಟಿಗಿಂತ ಹೆಚ್ಚು.

ಬರೆದವರ ಹೆಸರು ಡೇನಿಯಲ್ ಸ್ಟೆನ್‌ಬರ್ಗ್. ಸ್ವೀಡನ್ನಿನವರು, 1970ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಕಮಡೋರ್ 64 ಕಂಪ್ಯೂಟರ್ ಮೇಲೆ ಪ್ರೋಗ್ರಾಮಿಂಗ್ ಕಲಿತವರು. 1996ರಲ್ಲಿ ಐಆರ್‌ಸಿ ಚಾಟ್‌ನಲ್ಲಿ ಉತ್ತರ ಕೊಡುವ ಒಂದು ಬಾಟ್ ಬರೆಯುತ್ತಿದ್ದರು. ಕೇಳಿದವರಿಗೆ ಒಂದು ದೇಶದ ಹಣವನ್ನು ಇನ್ನೊಂದು ದೇಶದ ಹಣಕ್ಕೆ ಪರಿವರ್ತಿಸಿ ಹೇಳಬೇಕು, ಅದಕ್ಕೆ ದಿನದಿನದ ದರ ಒಂದು ವೆಬ್ ಪುಟದಿಂದ ತಾನಾಗಿ ಬರಬೇಕು, ಇಷ್ಟೇ ಅವರಿಗೆ ಬೇಕಾಗಿದ್ದದ್ದು. ಬ್ರೆಜಿಲ್‌ನ ರಫಾಯೆಲ್ ಸಗುಲಾ ಬರೆದಿದ್ದ ‘ಎಚ್‌ಟಿಟಿಪಿಗೆಟ್’ ಎಂಬ ಪುಟ್ಟ ಪ್ರೋಗ್ರಾಂ ಸಿಕ್ಕಿತು. ಅದನ್ನು ತಿದ್ದಿದರು, ಬೆಳೆಸಿದರು, ಕೊನೆಗೆ ಅದರ ಹೊಣೆಯೇ ಇವರ ಕೈಗೆ ಬಂತು. 1998ರ ಮಾರ್ಚ್ 20ರಂದು ಅದು ‘ಕರ್ಲ್’ ಎಂಬ ಹೆಸರಿನಲ್ಲಿ ಹೊರಬಂತು. 2000ನೇ ಇಸವಿಯಲ್ಲಿ ಬೇರೆ ಪ್ರೋಗ್ರಾಂಗಳು ಒಳಗಿನಿಂದಲೇ ಕರೆದು ಬಳಸಬಹುದಾದ ಲೈಬ್ರರಿಯಾಯಿತು. ಅದೇ ಲಿಬ್‌ಕರ್ಲ್.

ಈಗ ನನ್ನ ಪಕ್ಕದಲ್ಲಿ ಕುಳಿತಿದ್ದವರ ಪ್ರಶ್ನೆಯನ್ನು ಇವರಿಗೆ ಕೇಳಿ ನೋಡೋಣ. ಯಾವ ಕಂಪನಿ? ಇಪ್ಪತ್ತು ವರ್ಷಗಳ ಕಾಲ ಆ ಪ್ರಶ್ನೆಗೆ ಇವರ ಬಳಿ ಉತ್ತರವಿರಲಿಲ್ಲ. ಹಗಲು ಹೊತ್ತು ಬೇರೆ ಕಂಪನಿಗಳ ಯಂತ್ರಗಳಿಗೆ ಕೋಡ್ ಬರೆದರು, ಸಲಹೆಗಾರರಾಗಿ ದುಡಿದರು. ಮನೆ, ಹೆಂಡತಿ, ಇಬ್ಬರು ಮಕ್ಕಳು, ಎಲ್ಲವೂ ಇತ್ತು. ಎಲ್ಲರೂ ಮಲಗಿದ ಮೇಲೆ, ದಿನಕ್ಕೆ ಸರಾಸರಿ ಎರಡು ಗಂಟೆಯಂತೆ ಕರ್ಲ್‌ಗೆ ಕೊಟ್ಟರು. ನಡುವೆ ಇವರೂ ಇವರ ಸಹೋದರನೂ ಇನ್ನೊಬ್ಬ ಗೆಳೆಯರೊಡನೆ ಸೇರಿ ಆರ್ಕೋಸ್ ಎಂಬ ಎಂಪಿ3 ಪ್ಲೇಯರ್‌ಗೆ ಕಂಪನಿ ಕೊಟ್ಟ ತಂತ್ರಾಂಶದ ಬದಲು ತಾವೇ ಹೊಸದೊಂದನ್ನು ಬರೆಯಲು ಹೊರಟು ರಾಕ್‌ಬಾಕ್ಸ್ ಹುಟ್ಟುಹಾಕಿದರು. 2014ರಿಂದ 2018ರವರೆಗೆ ಮೊಜಿಲ್ಲಾದಲ್ಲಿದ್ದು ಫೈರ್‌ಫಾಕ್ಸ್ ಬ್ರೌಸರ್‌ನ ನೆಟ್‌ವರ್ಕ್ ವಿಭಾಗದಲ್ಲಿ ಕೆಲಸ ಮಾಡಿದರು. ಕರ್ಲ್ ಕೆಲಸಕ್ಕೇ ಪೂರ್ಣಾವಧಿ ಸಂಬಳ ಸಿಕ್ಕಿದ್ದು 2019ರಲ್ಲಿ, ವುಲ್ಫ್‌ಎಸ್‌ಎಸ್‌ಎಲ್ ಎಂಬ ಕಂಪನಿ ಸೇರಿದಾಗ. ಅಷ್ಟರಲ್ಲಿ ಆ ಪ್ರೋಗ್ರಾಂ ಜಗತ್ತಿನ ಮೂಲೆ ಮೂಲೆ ಸೇರಿಯಾಗಿತ್ತು.

ನಮ್ಮ ಅರ್ಜಿಯ ಲೆಕ್ಕದಲ್ಲಿ ಅಷ್ಟೂ ರಾತ್ರಿಗಳು ಸೊನ್ನೆ.

ನನಗೆ ಉರಿಯುವುದು ಇಲ್ಲಿಯೇ. ಬೆಂಗಳೂರಿನಲ್ಲಿ ನಾವು ‘ಕೆರಿಯರ್’ ಎಂದು ಕರೆಯುವುದು ಒಂದು ಹುದ್ದೆಯಿಂದ ಇನ್ನೊಂದು ಹುದ್ದೆಗೆ, ಒಂದು ಗಾಜಿನ ಕಟ್ಟಡದಿಂದ ಇನ್ನೊಂದಕ್ಕೆ ಹೋಗುವುದನ್ನು. ಮೂರು ವರ್ಷ ಒಂದೇ ಕಡೆ ಇದ್ದರೆ "ಏಕೆ ಅಲ್ಲೇ ಇದ್ದೀರಿ?" ಎನ್ನುತ್ತಾರೆ. ಒಂದೇ ಕೋಡನ್ನು ಐದು ವರ್ಷ ನೋಡಿಕೊಂಡವನಿಗೆ ‘ಬರೀ ಮೇಂಟೆನೆನ್ಸ್’ ಎಂದು ಸಂಬಳ ಕಡಿಮೆ. ಹೊಸದನ್ನು ಶುರುಮಾಡಿ ಅರ್ಧಕ್ಕೆ ಬಿಟ್ಟು ಹೋದವರಿಗೆ ಬಡ್ತಿ. ಬಿಟ್ಟು ಹೋದದ್ದನ್ನು ಕೂಡಿಸಿ, ಒರೆಸಿ, ಹತ್ತು ವರ್ಷ ನಡೆಯುವಂತೆ ಮಾಡಿದವರ ಹೆಸರು ಯಾವ ಸಭೆಯಲ್ಲೂ ಕೇಳಿಬರುವುದಿಲ್ಲ. ಅಂಥವರು ಪ್ರತಿ ಕಚೇರಿಯಲ್ಲೂ ಇದ್ದಾರೆ. ಅವರು ರಜೆ ಹಾಕಿದ ದಿನ ಎಲ್ಲರಿಗೂ ನೆನಪಾಗುತ್ತಾರೆ.

ಹಳೆಯದನ್ನು ಕಾಪಾಡುವುದರಲ್ಲಿ ಏನು ಜಾಣತನ ಎಂದು ಕೇಳುವವರು ಕರ್ಲ್‌ನ 2023ರ ಅಕ್ಟೋಬರ್ ತಿಂಗಳನ್ನು ಒಮ್ಮೆ ನೋಡಬೇಕು. ಸಾಕ್ಸ್5 ಪ್ರಾಕ್ಸಿ (ನಡುವೆ ನಿಂತು ಸಂಪರ್ಕ ದಾಟಿಸುವ ಸರ್ವರ್) ಬಳಸುವ ಕೋಡಿನಲ್ಲಿ ಒಂದು ದೊಡ್ಡ ಭದ್ರತಾ ದೋಷ ಸಿಕ್ಕಿತು. ತಲುಪಬೇಕಾದ ಕಂಪ್ಯೂಟರಿನ ಹೆಸರು 255 ಬೈಟ್‌ಗಿಂತ ಉದ್ದವಿದ್ದರೆ ಅದನ್ನು ಪ್ರಾಕ್ಸಿಗೆ ಕಳುಹಿಸದೆ ಕರ್ಲ್ ತಾನೇ ವಿಳಾಸ ಹುಡುಕಿಕೊಳ್ಳಬೇಕಿತ್ತು. ಸಂಪರ್ಕ ನಿಧಾನವಾಗಿದ್ದಾಗ ಆ ನಿರ್ಧಾರ ಮಧ್ಯದಲ್ಲಿ ಮರೆತುಹೋಗಿ, ಆ ಉದ್ದನೆಯ ಹೆಸರು ತನಗೆ ಸಾಲದ ಜಾಗಕ್ಕೆ ನಕಲಾಗುತ್ತಿತ್ತು. ಆ ಸಾಲುಗಳನ್ನು 2020ರಲ್ಲಿ ಬರೆದವರು ಸ್ಟೆನ್‌ಬರ್ಗ್ ಅವರೇ. ಮೂರೂವರೆ ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರು ಅಕ್ಟೋಬರ್ 11ರಂದು 8.4.0 ಆವೃತ್ತಿ ಬಿಡುಗಡೆ ಮಾಡಿದರು. ಅದೇ ದಿನ, ಈ ದೋಷ ನನ್ನಿಂದ ಹೇಗೆ ಆಯಿತು ಎಂದು ಸಾಲು ಸಾಲಾಗಿ ಬಿಡಿಸಿ ಬರೆದು ಜಗತ್ತಿನ ಮುಂದೆ ಇಟ್ಟರು. ನಮ್ಮ ಉದ್ಯಮದಲ್ಲಿ ದೊಡ್ಡ ತಪ್ಪು ಸಿಕ್ಕಾಗ ಮೊದಲು ಬರುವುದು ವಕೀಲರ ಪತ್ರ. ಇವರು ಬರೆದದ್ದು ಒಂದು ಪಾಠ. ನಮ್ಮ ತಂಡದ ಹೊಸಬರಿಗೆಲ್ಲ ಅದನ್ನು ಓದಿಸುತ್ತೇನೆ. ಇಂಥ ಇಂಜಿನಿಯರ್ ಸಿಗಲಿ ಎಂದಲ್ಲವೇ ನಾವು ಸಂದರ್ಶನ ನಡೆಸುವುದು?

ಇನ್ನೊಂದು ವಿಷಯ. ಕರ್ಲ್‌ಗೆ ಒಂದು ಸಾಲು ತಿದ್ದುಪಡಿ ಕಳುಹಿಸಿದವರ ಹೆಸರೂ, ಒಂದು ದೋಷವನ್ನು ತೋರಿಸಿಕೊಟ್ಟವರ ಹೆಸರೂ ಅದರ ಕೃತಜ್ಞತಾ ಪಟ್ಟಿಯಲ್ಲಿ ಸೇರುತ್ತದೆ. ಮೂರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅಷ್ಟು ಜನರನ್ನು ನೆನೆಯುವ ಮನುಷ್ಯನನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ?

ಅವರ ಇಮೇಲ್ ವಿಳಾಸ ಕರ್ಲ್‌ನ ಪರವಾನಗಿಯಲ್ಲಿದೆ. ಆ ಪರವಾನಗಿ ಅದನ್ನು ಬಳಸುವ ಕಾರಿನ, ಆ್ಯಪ್‌ನ ಯಾವುದೋ ಮೂಲೆಯ ಪುಟದಲ್ಲಿ ಅಚ್ಚಾಗಿರುತ್ತದೆ. ಹಾಗಾಗಿ ಕಾರಿನ ಪರದೆ ಕೆಟ್ಟವರು, ಇನ್‌ಸ್ಟಾಗ್ರಾಂ ಖಾತೆ ಕಳೆದುಕೊಂಡವರು ಅವರಿಗೆ ಬರೆಯುತ್ತಾರೆ. ಪಾಪ, ಆ ಜನರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಕಂಪನಿಯವರು ಉತ್ತರ ಕೊಟ್ಟಿರುವುದಿಲ್ಲ, ಕಂಡ ಹೆಸರಿಗೆ ಬರೆಯುತ್ತಾರೆ. ನನ್ನ ಕೋಪ ಕಂಪನಿಗಳ ಮೇಲೆ. ಲಾಗ್4ಜೆ ಎಂಬ ಜಾವಾ ಲೈಬ್ರರಿಯ ದೋಷ 2021ರ ಡಿಸೆಂಬರ್‌ನಲ್ಲಿ ಜಗತ್ತನ್ನೇ ಬೆಚ್ಚಿಬೀಳಿಸಿದಾಗ, ಮರು ತಿಂಗಳು ಅಮೆರಿಕದ ಭಾರೀ ಕಂಪನಿಯೊಂದು ಇವರಿಗೆ ಪ್ರಶ್ನಾವಳಿ ಕಳುಹಿಸಿತು. ನಿಮ್ಮ ಉತ್ಪನ್ನದಲ್ಲಿ ಅದು ಇದೆಯೇ, 24 ಗಂಟೆಯೊಳಗೆ ಉತ್ತರಿಸಿ ಎಂದು. ಕರ್ಲ್ ಬರೆದಿರುವುದು ಸಿ ಭಾಷೆಯಲ್ಲಿ. ಜಾವಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ಕಂಪನಿ ಅವರಿಗೆ ಒಂದು ಪೈಸೆ ಕೊಟ್ಟಿರಲಿಲ್ಲ. ಬೆಂಬಲದ ಒಪ್ಪಂದ ಮಾಡಿಕೊಂಡರೆ ಸಂತೋಷದಿಂದ ಉತ್ತರಿಸುತ್ತೇನೆ ಎಂದು ಇವರು ತಿಳಿಸಿದರು. ಮರುಉತ್ತರ ಬಂದದ್ದು ‘ಡೇವಿಡ್’ ಎಂಬ ಹೆಸರಿಗೆ! ಯಾರ ದುಡಿಮೆಯ ಮೇಲೆ ತಮ್ಮ ವ್ಯಾಪಾರ ನಿಂತಿದೆಯೋ ಆ ಮನುಷ್ಯನ ಹೆಸರನ್ನು ಸರಿಯಾಗಿ ಓದುವಷ್ಟು ಪುರಸೊತ್ತೂ ಅವರಿಗಿರಲಿಲ್ಲ.

2017ರ ವರ್ಷವನ್ನೇ ತೆಗೆದುಕೊಳ್ಳಿ. ಆ ಜೂನ್‌ನಲ್ಲಿ ಸಭೆಗೆಂದು ಅಮೆರಿಕಕ್ಕೆ ಹೊರಟವರನ್ನು ಸ್ಟಾಕ್‌ಹೋಮ್ ವಿಮಾನ ನಿಲ್ದಾಣದಲ್ಲೇ ತಡೆದರು, ಕಾರಣ ಹೇಳಲಿಲ್ಲ. ಮುಂದೆ ವೀಸಾಕ್ಕೆ ಅರ್ಜಿ ಹಾಕಿ ಎರಡೂವರೆ ವರ್ಷ ಕಾದರು. ಅದೇ 2017ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ದೊರೆ ಅವರ ಕೈಗೆ ಪೋಲ್ಹೆಮ್ ಪ್ರಶಸ್ತಿಯ ಚಿನ್ನದ ಪದಕ ಇಟ್ಟರು. 1878ರಿಂದ ನಡೆದುಬಂದಿರುವ, ಆ ದೇಶದ ಇಂಜಿನಿಯರ್‌ಗಳಿಗೆ ಸಿಗುವ ಬಹು ದೊಡ್ಡ ಗೌರವ ಅದು. 2021ರಲ್ಲಿ ಮಂಗಳ ಗ್ರಹದ ಮೇಲೆ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಹಾರಿದಾಗ, ಅದಕ್ಕೆ ನೆರವಾದ ಓಪನ್ ಸೋರ್ಸ್ ಕೋಡ್ ಬರೆದ ಸುಮಾರು 12,000 ಜನರನ್ನು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಗುರುತಿಸಿತು. ಅವರಲ್ಲಿ ಇವರೂ ಒಬ್ಬರು.

ಇದನ್ನೆಲ್ಲ ಹೇಳಿದರೆ ನನ್ನ ಗೆಳೆಯರಲ್ಲೇ ಕೆಲವರು ಒಂದು ಮಾತು ಎತ್ತುತ್ತಾರೆ. "ಯಾರು ಬೇಕಾದರೂ ಬಳಸಬಹುದು ಎಂದು ಅವರೇ ಪರವಾನಗಿ ಕೊಟ್ಟಿದ್ದಾರೆ. ಪುಕ್ಕಟೆ ಕೊಟ್ಟ ಮೇಲೆ ದೂರುವುದೇಕೆ?" ಪುಕ್ಕಟೆ ಬಳಸಿದ್ದಕ್ಕೆ ನಾನು ದೂರುತ್ತಿಲ್ಲ. ಪುಕ್ಕಟೆ ತೆಗೆದುಕೊಂಡು, ಮೇಲಿನಿಂದ ಗಡುವು ಹಾಕುವುದು, ಆ ದುಡಿಮೆಯನ್ನು ದುಡಿಮೆಯೇ ಅಲ್ಲ ಎನ್ನುವುದು, ಅದನ್ನು ಮಾಡಿದವನಿಗೆ ‘ಗ್ಯಾಪ್’ ಎಂದು ಹಣೆಪಟ್ಟಿ ಕಟ್ಟುವುದು, ಇದಕ್ಕೆ ಯಾವ ಪರವಾನಗಿಯೂ ಅನುಮತಿ ಕೊಟ್ಟಿಲ್ಲ. "ಸ್ವೀಡನ್ನಿನಲ್ಲಿ ಎಲ್ಲವೂ ಸುಲಭ" ಎನ್ನುವವರೂ ಇದ್ದಾರೆ. ಇರಬಹುದು. ಅವರೂ ಹಗಲು ದುಡಿದು ರಾತ್ರಿ ಬರೆದವರೇ. ಅಲ್ಲಿ ಸುಲಭವಾದದ್ದು ಇಲ್ಲಿ ಕಷ್ಟವಾಗಿದ್ದರೆ, ಇಲ್ಲಿ ಅದನ್ನು ಮಾಡಿದ ಹುಡುಗನಿಗೆ ನಾವು ಎರಡು ಪಟ್ಟು ಮರ್ಯಾದೆ ಕೊಡಬೇಕು.

ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಈ ಮನುಷ್ಯನ ಮೇಲೆ ಅಸೂಯೆಯಿದೆ. ನನ್ನ ಇಷ್ಟು ವರ್ಷಗಳ ಕೋಡ್ ಎಲ್ಲಿದೆ ಎಂದು ಕೇಳಿದರೆ ತೋರಿಸಲು ನನ್ನ ಬಳಿ ಏನೂ ಇಲ್ಲ. ಪೆಟ್ಟಿಗೆಗಳು ಗುಜರಿಗೆ ಹೋದವು, ಎರಡು ಕಂಪನಿಗಳು ಮುಚ್ಚಿಹೋದವು, ಕೋಡ್ ಯಾವುದೋ ಬೀಗ ಹಾಕಿದ ಸರ್ವರ್‌ನಲ್ಲಿ ಸತ್ತಿತು. ಮನೆಸಾಲ ಇತ್ತು, ಅಮ್ಮನ ಔಷಧಿ ಇತ್ತು, ಸಂಬಳ ಬೇಕಿತ್ತು. ಅದಕ್ಕೆ ವಿಷಾದವಿಲ್ಲ. ಆದರೆ 1998ರಲ್ಲಿ ಹೊರಬಂದ ಒಂದು ಪ್ರೋಗ್ರಾಂ ಇವತ್ತೂ ಸುಮಾರು ಎಂಟು ವಾರಕ್ಕೊಮ್ಮೆ ಹೊಸದಾಗಿ ಹೊರಬರುವುದನ್ನು ನೋಡುವಾಗ ಎದೆಯಲ್ಲಿ ಏನೋ ಚುಚ್ಚುತ್ತದೆ.

ಈಗಂತೂ ಹೊಸ ಕಾಟ. ಭದ್ರತಾ ದೋಷ ಹುಡುಕಿಕೊಟ್ಟವರಿಗೆ ಹಣ ಕೊಡುವ ವ್ಯವಸ್ಥೆಯನ್ನು ಕರ್ಲ್ 2019ರಲ್ಲಿ ಆರಂಭಿಸಿತ್ತು. ಹಣದ ಆಸೆಗೆ ಜನರು ಕೃತಕ ಬುದ್ಧಿಮತ್ತೆಯಿಂದ ವರದಿ ಬರೆಸಿ ಕಳುಹಿಸತೊಡಗಿದರು. ಇಲ್ಲದ ಫಂಕ್ಷನ್, ಇಲ್ಲದ ದೋಷ, ಪುಟಗಟ್ಟಲೆ ಸೊಗಸಾದ ಇಂಗ್ಲಿಷ್. ಒಂದೊಂದನ್ನೂ ಬೆರಳೆಣಿಕೆಯ ಜನರು ಕುಳಿತು ಓದಿ ಸುಳ್ಳೆಂದು ಸಾಬೀತು ಮಾಡಬೇಕು. ಬಂದ ವರದಿಗಳಲ್ಲಿ ನೂರಕ್ಕೆ ಐದರಷ್ಟು ಮಾತ್ರ ನಿಜವಾದ ದೋಷಗಳು ಎಂದು 2025ರ ಮಧ್ಯದಲ್ಲಿ ಅವರೇ ಲೆಕ್ಕ ಕೊಟ್ಟರು. 2026ರ ಜನವರಿಯ ಕೊನೆಗೆ ಆ ಬಹುಮಾನವನ್ನೇ ನಿಲ್ಲಿಸಿದರು. ಅವರು ಯಂತ್ರದ ವಿರೋಧಿಯಲ್ಲ. ಅದೇ ಬಗೆಯ ಸಾಧನಗಳನ್ನು ತಿಳಿದವರು ಬಳಸಿ ನಿಜವಾದ ದೋಷಗಳ ದೊಡ್ಡ ಪಟ್ಟಿ ಕೊಟ್ಟಾಗ ಮನಸಾರೆ ಮೆಚ್ಚಿದರು. ಕಸ ಕಳುಹಿಸುವವರಿಗೆ ಇನ್ನೊಬ್ಬರ ರಾತ್ರಿಯ ಬೆಲೆ ಗೊತ್ತಿಲ್ಲ ಎಂಬುದೇ ಸಂಕಟ.

ಆಗುವುದೇ ಇಲ್ಲ ಎಂದು ಕೈಚೆಲ್ಲುವವರಿಗೆ ನಮ್ಮ ಊರಿನದೇ ಉದಾಹರಣೆ ಇದೆ. ಬೆಂಗಳೂರಿನ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ‘ಫ್ಲಾಸ್ ಫಂಡ್’ ಘೋಷಿಸಿತು. ಜಗತ್ತಿನ ಯಾವ ಮೂಲೆಯ ಓಪನ್ ಸೋರ್ಸ್ ಯೋಜನೆಗಾದರೂ ಸಿಗುವಂತೆ ವರ್ಷಕ್ಕೆ 10 ಲಕ್ಷ ಡಾಲರ್. ಒಂದು ಷೇರು ದಲ್ಲಾಳಿ ಕಂಪನಿಗೆ ಹೊಳೆದದ್ದು ಲಕ್ಷಗಟ್ಟಲೆ ಇಂಜಿನಿಯರ್‌ಗಳನ್ನು ಸಾಕುವ ದೊಡ್ಡ ತಂತ್ರಾಂಶ ಕಂಪನಿಗಳಿಗೆ ಏಕೆ ಹೊಳೆಯಬಾರದು?

ಇವತ್ತು ಬೆಳಿಗ್ಗೆ ಎರಡು ಪತ್ರ ಬರೆದೆ. ಒಂದು ಮಂಡಳಿಗೆ: ಆ ಹುಡುಗನ ಎರಡು ವರ್ಷಗಳನ್ನು ಅನುಭವ ಎಂದೇ ಎಣಿಸಬೇಕು, ಅವನ ಕೋಡನ್ನು ಸಹೋದ್ಯೋಗಿಗಳು ಓದಿದ ನಂತರವೇ ತೀರ್ಮಾನವಾಗಬೇಕು ಎಂದು. ಇನ್ನೊಂದು ಖರೀದಿ ವಿಭಾಗಕ್ಕೆ: ನಮ್ಮ ಪೆಟ್ಟಿಗೆಯೊಳಗಿರುವ ಓಪನ್ ಸೋರ್ಸ್ ಲೈಬ್ರರಿಗಳ ಪೂರ್ತಿ ಪಟ್ಟಿ ಲಗತ್ತಿಸಿ, ಮುಂದಿನ ಬಜೆಟ್‌ನಲ್ಲಿ ಕರ್ಲ್‌ನ ಬೆಂಬಲ ಒಪ್ಪಂದಕ್ಕೆ ಹಣ ಇಡಬೇಕು ಎಂದು. ಕರ್ಲ್‌ಗೆ ಹಣ ಕೊಟ್ಟು ಬೆಂಬಲ ಪಡೆಯುವ ದಾರಿ ಇದೆ ಎಂಬುದೇ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ನಿಮ್ಮ ಕಚೇರಿಗಳಲ್ಲಿ ಇಂಥ ಹಣ ಮಂಜೂರು ಮಾಡಿಸಿದವರು ಯಾರಾದರೂ ಇದ್ದರೆ, ಯಾವ ತಲೆಬರಹದಡಿ ತೋರಿಸಿದಿರಿ, ಲೆಕ್ಕಪತ್ರದವರನ್ನು ಹೇಗೆ ಒಪ್ಪಿಸಿದಿರಿ ಎಂದು ಕೆಳಗೆ ಬರೆಯಿರಿ. ಸೋಮವಾರ ಅವರ ಮುಂದೆ ಕೂರಬೇಕಾಗಿದೆ.