ಮೀನು ಮಾತ್ರ ತಪ್ಪಿಸಿಕೊಳ್ಳಬಾರದು

ಕೆರೆ ಅಂದರೆ ಗಟ್ಟಿ ಏರಿ ಬೇಕು, ಬೇಕಾದಾಗ ನೀರು ಬಿಡಲು ತೂಬು ಬೇಕು, ತುಂಬಿದಾಗ ಹೆಚ್ಚಿನ ನೀರು ಹೋಗಲು ಕೋಡಿ ಬೇಕು. ಯಾವ ಊರಿನ ನೀರಗಂಟಿಯನ್ನು ಕೇಳಿದರೂ ಇಷ್ಟು ಹೇಳುತ್ತಾನೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಸಾಹುಕಾರರಿಗೆ ಇದೆಲ್ಲ ಯಾಕೆ? ಅವರಿಗೆ ಕೆರೆಯಿಂದ ಬೇಕಾಗಿದ್ದೇ ಬೇರೆ. ಬೇಸಿಗೆಗೆ ದೋಣಿ, ಸಂಜೆಗೆ ಸಾರೋಟು, ಗಾಳಕ್ಕೆ ದಪ್ಪ ಮೀನು.

ಅವರ ಕೈಗೆ ಮುಂದೆ ಸಿಕ್ಕಿದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟು ಹುಟ್ಟುವಾಗಲೇ ನಿರುದ್ಯೋಗಿ. ದೋಣಿಯಲ್ಲಿ ಸರಕು ಸಾಗಿಸುವ ಕಾಲುವೆಗೆ ನೀರು ಕೊಡಲೆಂದು ರಾಜ್ಯ ಸರ್ಕಾರ 1838ರಲ್ಲಿ ಈ ಮಣ್ಣಿನ ಏರಿ ಹಾಕಲು ಶುರು ಮಾಡಿತು. ಮುಗಿದದ್ದು 1853ರಲ್ಲಿ. ಅಷ್ಟರಲ್ಲಿ ರೈಲು ಬಂದು ಕಾಲುವೆಯನ್ನು ಕೇಳುವವರೇ ಇರಲಿಲ್ಲ. ಸರ್ಕಾರಿ ಕೆಲಸ ಎಲ್ಲಾ ಕಡೆ ಒಂದೇ, ಅಲ್ವಾ? 1857ರಲ್ಲಿ ರೈಲ್ವೆ ಕಂಪನಿ ಇದನ್ನು ಕೊಂಡು, ಮರೆತು ಸುಮ್ಮನಾಯಿತು. 1862ರಲ್ಲಿ ಏರಿ ಒಂದು ಸಲ ಒಡೆಯಿತು. ಕೆರೆಯಲ್ಲಿ ನೀರು ಕಡಿಮೆ ಇತ್ತು, ಹೆಚ್ಚು ಹಾನಿ ಆಗಲಿಲ್ಲ. 1875ರಲ್ಲಿ ಜಾನ್ ರೈಲಿ ಎಂಬ ಸಂಸದರು 2,500 ಡಾಲರ್ ಕೊಟ್ಟು ಕೊಂಡರು. ತೂಬಿನ ಕಬ್ಬಿಣದ ಪೈಪುಗಳನ್ನು ಕೀಳಿಸಿ ಗುಜರಿಗೆ ಹಾಕಿಸಿದರು. 1879ರಲ್ಲಿ 2,000 ಡಾಲರಿಗೆ ಮಾರಿ ಕೈತೊಳೆದುಕೊಂಡರು. ಐನೂರು ಡಾಲರ್ ಲಾಸು. ಪಾಪ, ಗುಜರಿ ದುಡ್ಡಲ್ಲಿ ಒಂದಿಷ್ಟಾದರೂ ಗಿಟ್ಟಿರಬೇಕು.

ಕೊಂಡವರು ಬೆಂಜಮಿನ್ ರಫ್. ಅವರು ಕಟ್ಟಿದ್ದು ಸೌತ್ ಫೋರ್ಕ್ ಫಿಶಿಂಗ್ ಅಂಡ್ ಹಂಟಿಂಗ್ ಕ್ಲಬ್. ಮೆಂಬರುಗಳು ಸಾಮಾನ್ಯರಲ್ಲ: ಉಕ್ಕಿನ ಆಂಡ್ರೂ ಕಾರ್ನೆಗಿ, ಕಲ್ಲಿದ್ದಲಿನ ಹೆನ್ರಿ ಫ್ರಿಕ್, ಬ್ಯಾಂಕಿನ ಆಂಡ್ರೂ ಮೆಲನ್. ಒಬ್ಬೊಬ್ಬರೂ ಹೊಸ ಅಣೆಕಟ್ಟನ್ನೇ ಕಟ್ಟಿಸಬಲ್ಲ ಆಸಾಮಿಗಳು. ಹಾಗಾಗಿ ಒಡೆದ ಜಾಗಕ್ಕೆ ಮಣ್ಣು, ಮರದ ಕೊಂಬೆ, ಹುಲ್ಲು, ಕುದುರೆ ಲದ್ದಿ ತುಂಬಿಸಿ ಮುಚ್ಚಿಸಿದರು. ದುಡ್ಡಿದ್ದವರ ಮಿತವ್ಯಯ ಬಡವರಿಗೆ ಎಲ್ಲಿಂದ ಬರಬೇಕು!

ತೂಬು ಮತ್ತೆ ಹಾಕಿಸಲಿಲ್ಲ. ಅಂದರೆ ಕೆರೆಯ ನೀರು ಇಳಿಸಲು ದಾರಿಯೇ ಇಲ್ಲ. ನೀರು ಇಳಿಸದೆ ಏರಿಯ ರಿಪೇರಿ ಮಾಡಲು ಆಗುವುದಿಲ್ಲ. ರಿಪೇರಿ ಮಾಡಲಾಗದ್ದಕ್ಕೆ ಖರ್ಚೂ ಇಲ್ಲ. ಎಷ್ಟು ಅಚ್ಚುಕಟ್ಟು ನೋಡಿ. ಏರಿಯ ಮೇಲೆ ಎದುರುಬದುರು ಎರಡು ಸಾರೋಟು ಆರಾಮಾಗಿ ಹಾಯಬೇಕಲ್ಲ, ಅದಕ್ಕೆ ನೆತ್ತಿಯನ್ನು ಎರಡು-ಮೂರು ಅಡಿ ಕೆತ್ತಿ ಅಗಲ ಮಾಡಿದರು. ಏರಿಯ ನಡುಭಾಗ ಬೇರೆ ಕುಗ್ಗಿತ್ತು. ಇನ್ನು ಉಳಿದದ್ದು ಕೋಡಿ ಒಂದೇ. ಅಲ್ಲಿ ನೀರಿನ ಜೊತೆ ಮೀನೂ ಹೋಗಿಬಿಟ್ಟರೆ? ರೈಲಿನಲ್ಲಿ ಟ್ಯಾಂಕ್ ತುಂಬಿಸಿ ತರಿಸಿದ ಬ್ಲ್ಯಾಕ್ ಬಾಸ್ ಮೀನುಗಳವು! ಕೋಡಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿ ಹಾಕಿಸಿದರು. ಆ ಕಣಿವೆಯಲ್ಲಿ ಯಾರ ಸುರಕ್ಷತೆಗಾದರೂ ದುಡ್ಡು ಬಿಚ್ಚಿದ್ದರೆ ಅದು ಮೀನುಗಳ ಸುರಕ್ಷತೆಗೆ.

ಕಣಿವೆಯಲ್ಲಿ ಮನುಷ್ಯರೂ ಇದ್ದರು. 14 ಮೈಲಿ ಕೆಳಗೆ, ಕೆರೆಗಿಂತ 450 ಅಡಿ ತಗ್ಗಿನಲ್ಲಿ ಜಾನ್ಸ್‌ಟೌನ್ ಎಂಬ ಕಬ್ಬಿಣದ ಊರು. ಸುತ್ತಮುತ್ತ ಸೇರಿ ಸುಮಾರು 30,000 ಜನ. ಅಲ್ಲಿಯ ಕ್ಯಾಂಬ್ರಿಯಾ ಕಬ್ಬಿಣ ಕಂಪನಿಯ ಡೇನಿಯಲ್ ಮೊರೆಲ್‌ಗೆ ಅನುಮಾನ ಬಂತು. 1880ರಲ್ಲಿ ಜಾನ್ ಫುಲ್ಟನ್ ಎಂಬ ಎಂಜಿನಿಯರನ್ನು ಕಳಿಸಿದರು. ತೂಬಿಲ್ಲ, ರಿಪೇರಿ ಸರಿಯಿಲ್ಲ ಎಂದು ಆತ ಬರೆದುಕೊಟ್ಟ. ರಫ್ ಉತ್ತರ ಕೊಟ್ಟರು: ನಮ್ಮ ಕೆಲಸದಿಂದ ನಿಮಗೂ ನಿಮ್ಮ ಜನಕ್ಕೂ ಯಾವ ಅಪಾಯವೂ ಇಲ್ಲ. ರಿಪೇರಿಗೆ ನಾವೂ ಕೈಯಿಂದ ಒಂದಿಷ್ಟು ಹಾಕುತ್ತೇವೆ ಅಂದರು ಮೊರೆಲ್. ಕ್ಲಬ್ಬು ಅದಕ್ಕೂ ಬೇಡ ಅಂದಿತು. ಕೊನೆಗೆ ಮೊರೆಲ್ ತಾವೇ ಕ್ಲಬ್ಬಿನ ಮೆಂಬರಾದರು. ಕೆರೆಯ ಮೇಲೆ ಒಂದು ಕಣ್ಣಿಡಲು ಅಂತಾರೆ. ಇರಬಹುದು. 1885ರಲ್ಲಿ ಅವರು ತೀರಿಕೊಂಡ ಮೇಲೆ ಆ ಕಣ್ಣೂ ಇರಲಿಲ್ಲ. ಪ್ರತಿ ಮಳೆಗಾಲಕ್ಕೂ ಊರಲ್ಲಿ ಡ್ಯಾಮು ಒಡೆಯುತ್ತಂತೆ ಅಂತ ಸುದ್ದಿ ಹಬ್ಬುವುದು, ಒಡೆಯದಿರುವುದು, ಜನ ನಗುವುದು ಮಾಮೂಲಾಯಿತು.

1889ರ ಮೇ 31ರಂದು ಜೋರು ಮಳೆ. ಬೆಳಿಗ್ಗೆ ಆಳುಗಳು ಸಲಿಕೆ ಹಿಡಿದು ಏರಿಯ ಮೇಲೆ ಮಣ್ಣು ಹಾಕುತ್ತಿದ್ದರು. ಕೋಡಿಯ ಜಾಲರಿಗೆ ಕಸಕಡ್ಡಿ ಕಚ್ಚಿಕೊಂಡು ನೀರು ಹೋಗುತ್ತಿರಲಿಲ್ಲ. ಅಪಾಯ ಅಂತ ತಂತಿ ಸಂದೇಶ ಹೋಯಿತು. ಕೆಳಗಿದ್ದವರು ಇದೂ ಹಳೇ ಕಥೆ ಅಂದುಕೊಂಡರು. ಮಧ್ಯಾಹ್ನ ಮೂರರ ಆಸುಪಾಸಿಗೆ ಏರಿ ಒಡೆದುಹೋಯಿತು. ನಾಲ್ಕು ದಾಟುವಷ್ಟರಲ್ಲಿ ನೀರು ಜಾನ್ಸ್‌ಟೌನ್‌ನಲ್ಲಿತ್ತು. ಸತ್ತವರು 2,209 ಜನ. 99 ಮನೆತನಗಳಲ್ಲಿ ಒಬ್ಬರೂ ಉಳಿಯಲಿಲ್ಲ.

ಕ್ಲಬ್ಬಿನ ಮನಸ್ಸು ಕರಗಿತು. ಸಾವಿರ ಕಂಬಳಿ ಕಳಿಸಿದರು. ಸತ್ತವರಿಗಿಂತ ಕಡಿಮೆಯಾಯಿತು ಅನ್ನಬೇಡಿ, ಬದುಕಿದವರಿಗೆ ಕಳಿಸಿದ್ದು.

ಕೇಸುಗಳೂ ಬಿದ್ದವು. ಕ್ಲಬ್ಬಿನ ಪರ ನಿಂತ ವಕೀಲರಾದ ನಾಕ್ಸ್ ಮತ್ತು ರೀಡ್ ಇಬ್ಬರೂ ಅದೇ ಕ್ಲಬ್ಬಿನ ಮೆಂಬರುಗಳು. ಇದು ದೇವರು ಮಾಡಿದ್ದು ಎಂಬ ವಾದ ಗೆದ್ದಿತು. ತೂಬು ಕಿತ್ತವನು ದೇವರು, ಲದ್ದಿ ತುಂಬಿದವನು ದೇವರು, ಜಾಲರಿ ಹಾಕಿದವನೂ ದೇವರೇ. ಆತ ಕ್ಲಬ್ಬಿಗೆ ಚಂದಾ ಕಟ್ಟಿದ್ದನೋ ಇಲ್ಲವೋ ಕೋರ್ಟು ವಿಚಾರಿಸಲಿಲ್ಲ. ಕ್ಲಬ್ಬಿನಿಂದ ಯಾರಿಗೂ ಒಂದು ಡಾಲರ್ ಪರಿಹಾರ ಗಿಟ್ಟಲಿಲ್ಲ. ನಾಕ್ಸ್ ಸಾಹೇಬರು ಮುಂದೆ ದೇಶದ ಅಟಾರ್ನಿ ಜನರಲ್ ಆದರು, ವಿದೇಶಾಂಗ ಮಂತ್ರಿಯೂ ಆದರು. ಕಾರ್ನೆಗಿ ಜಾನ್ಸ್‌ಟೌನ್‌ಗೆ ಒಂದು ಲೈಬ್ರರಿ ಕಟ್ಟಿಸಿಕೊಟ್ಟರು. ಇವತ್ತು ಆ ಕಟ್ಟಡದಲ್ಲಿರುವುದು ಪ್ರವಾಹದ ಮ್ಯೂಸಿಯಂ.

ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವೂ ತನಿಖೆ ಮಾಡಿತು. 1890ರ ಜನವರಿಯಲ್ಲೇ ವರದಿ ರೆಡಿ. ಅದನ್ನು ಬೀಗ ಹಾಕಿಟ್ಟು 1891ರಲ್ಲಿ ಹೊರಗೆ ತಂದರು. ಕ್ಲಬ್ಬು ಏರಿ ಕೆತ್ತದೆ ಇದ್ದಿದ್ದರೂ ಅದು ಒಡೆಯುತ್ತಿತ್ತು ಅಂತ ತೀರ್ಪು. 2016ರಲ್ಲಿ ಜಾನ್ಸ್‌ಟೌನ್‌ನ ವಿಜ್ಞಾನಿಗಳು ಮತ್ತೆ ಲೆಕ್ಕ ಹಾಕಿ, ಆ ತೀರ್ಪು ತಪ್ಪು, ಏರಿ ತಗ್ಗಿಸಿದ್ದೇ ಕಷ್ಟಕ್ಕೆ ಕಾರಣ ಎಂದರು. ಅಷ್ಟೊತ್ತಿಗೆ ಕ್ಲಬ್ಬಿನ ಒಬ್ಬ ಮೆಂಬರೂ ಬದುಕಿರಲಿಲ್ಲವಾದ್ದರಿಂದ ಯಾರಿಗೂ ಬೇಜಾರಾಗಲಿಲ್ಲ.