ಅಗಸಿ ಹಿಂಡಿಯ ಚಹಾ

ಮೊನ್ನೆ ಭಾನುವಾರ ನಸುಕಿನಲ್ಲೇ ಎದ್ದು, ಹೆಂಡತಿ ಏಳುವುದರೊಳಗೆ ಚಹಾ ಮಾಡಿಟ್ಟು ಒಳ್ಳೆಯವನೆನಿಸಿಕೊಳ್ಳಬೇಕೆಂದು ಹೊರಟ ನಾನು, ಕುದಿಯುವ ಹಾಲಿಗೆ ಎರಡು ಚಮಚ ಅಗಸಿ ಹಿಂಡಿ, ಅಂದರೆ ಅಗಸೆಬೀಜದ ಚಟ್ನಿಪುಡಿ, ಹಾಕಿದೆ. ಡಬ್ಬಿಯ ಮೇಲೆ ನನ್ನದೇ ಅಕ್ಷರದಲ್ಲಿ ‘ಚಹಾಪುಡಿ’ ಎಂಬ ಚೀಟಿ ಇತ್ತು, ಕರೆಂಟು ಹೋಗಿತ್ತು, ಆ ಮಬ್ಬಿನಲ್ಲಿ ಎರಡೂ ಒಂದೇ ಬಣ್ಣದ ಪುಡಿಗಳಾಗಿ ಕಂಡವು. ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳ ಘಾಟು ಎದ್ದು ನಾನು ಕೆಮ್ಮತೊಡಗಿದಾಗಲೇ ಸಂಗತಿ ತಿಳಿದದ್ದು. ಅಷ್ಟು ಹೊತ್ತಿಗೆ ಅರ್ಧ ಲೀಟರ್ ಹಾಲು ಕೆಟ್ಟು, ಒಳ್ಳೆಯವನೆನಿಸಿಕೊಳ್ಳುವ ಅವಕಾಶವೂ ಕೈತಪ್ಪಿತ್ತು.

ಎದ್ದು ಬಂದ ಹೆಂಡತಿ ಪಾತ್ರೆಯಲ್ಲಿ ಇಣುಕಿ ನೋಡಿ, “ನಿನ್ನಿ ಮಟಾ ಅದರಾಗ ಚಹಾಪುಡೀನೇ ಇತ್ತು. ಹಾಕೋಕಿಂತ ಮೊದಲ ಒಂದು ಮಾತು ಕೇಳಬಾರದೇನ್ರಿ?” ಎಂದಳು. ಡಬ್ಬಿ ಎಂದೂ ಖಾಲಿ ಇರಬಾರದೆಂಬುದು ಅವಳ ಸಿದ್ಧಾಂತ. ನಮ್ಮ ಮನೆಯಲ್ಲಿ ಮಿಠಾಯಿ ಡಬ್ಬಿಯಲ್ಲಿ ತೊಗರಿಬೇಳೆಯೂ, ತುಪ್ಪದ ಬಾಟಲಿಯಲ್ಲಿ ಶೇಂಗಾ ಹಿಂಡಿಯೂ ಇರುತ್ತವೆ. ಯಾವುದರಲ್ಲಿ ಏನಿದೆ ಎಂಬುದು ಆ ಗಳಿಗೆಯ ಮಟ್ಟಿಗೆ ಮಾತ್ರ ಸತ್ಯ, ಅದೂ ಅವಳೊಬ್ಬಳಿಗೇ ಗೊತ್ತು.

ಅವಳನ್ನು ಬೈಯುವ ನೈತಿಕ ಹಕ್ಕು ನನಗಿಲ್ಲ. ಕಲಬುರಗಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ 22 ವರ್ಷಗಳಿಂದ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತ, ಮೊದಲ ದಿನವೇ ಬೋರ್ಡಿನ ಮೇಲೆ ಒಂದು ಡಬ್ಬಿಯ ಚಿತ್ರ ಬರೆದು, “ವೇರಿಯಬಲ್ ಅಂದರೆ ಡಬ್ಬಿ, ಹಳೆಯದನ್ನು ಚೆಲ್ಲಿ ಹೊಸದನ್ನು ಹಾಕಬಹುದು” ಎಂದು ಎಷ್ಟೋ ತಂಡಗಳಿಗೆ ಪಾಠ ಹೇಳಿದವನು ನಾನೇ. ಈ ವರ್ಷ ಪ್ರೋಗ್ರಾಮಿಂಗ್ ಭಾಷೆಗಳ ಮೂಲತತ್ವಗಳನ್ನು ಫಂಕ್ಷನಲ್ ಪ್ರೋಗ್ರಾಮಿಂಗ್ ಮೂಲಕ, ಅಂದರೆ ಎಲ್ಲವನ್ನೂ ಗಣಿತದ ಫಂಕ್ಷನ್ನುಗಳಾಗಿ ಬರೆಯುವ ಪದ್ಧತಿಯ ಮೂಲಕ, ಕಲಿಸುವ ವಿಷಯವೊಂದು ನನ್ನ ಪಾಲಿಗೆ ಬಂತು. ಅಲಾಂಜೊ ಚರ್ಚ್ ಎಂಬ ಗಣಿತಜ್ಞ 1930ರ ದಶಕದಲ್ಲಿ, ಅಂದರೆ ಇಂದಿನ ಕಂಪ್ಯೂಟರ್ ಇನ್ನೂ ಹುಟ್ಟದಿದ್ದಾಗ, ರೂಪಿಸಿದ ಲ್ಯಾಂಬ್ಡಾ ಕಲನದಿಂದ ಬೆಳೆದ ವಂಶ ಇದು. 1990ರಲ್ಲಿ ಹೊರಬಂದ ಹ್ಯಾಸ್ಕೆಲ್ ಎಂಬ ಭಾಷೆ ಈ ವಂಶದ ಅತ್ಯಂತ ಮಡಿವಂತ ಕುಡಿ. ಇದರಲ್ಲಿ ಡಬ್ಬಿಯೇ ಇಲ್ಲ. ಒಂದು ಹೆಸರಿಗೆ ಒಂದು ಬೆಲೆ ಕೊಟ್ಟರೆ ಅದೇ ಕೊನೆ.

ಬೇಸಿಗೆ ರಜೆಗೆಂದು ಬಂದಿದ್ದ ಮಗಳೇ ನನ್ನ ಗುರುವಾದಳು. ಮೇ ತಿಂಗಳ ಮಧ್ಯಾಹ್ನ, ಹೊರಗೆ ಬಿಸಿಲು 43 ಡಿಗ್ರಿ. ನಾನು ಅಭ್ಯಾಸಬಲದಿಂದ ಮೊದಲು ಎಕ್ಸ್ ಅಂದರೆ 5 ಎಂದು ಬರೆದು, ಅದರ ಕೆಳಗೆ ಎಕ್ಸ್ ಅಂದರೆ ಎಕ್ಸ್ ಕೂಡಿಸು 1 ಎಂದು ಟೈಪಿಸಿದೆ. ತಪ್ಪೆಂದು ಕಂಪ್ಯೂಟರ್ ಚೀರುವುದೆಂದು ಕಾದರೆ, ಅದು ತುಟಿಪಿಟಕ್ಕೆನ್ನಲಿಲ್ಲ. “ನೋಡು, ಒಪ್ಪಿಕೊಂಡಿತು” ಎಂದು ಮಗಳ ಕಡೆ ಗೆಲುವಿನ ನಗೆ ಬೀರಿ, ಎಕ್ಸ್ ಎಷ್ಟು ಎಂದು ಕೇಳಿದೆ. 6 ಬರಲಿಲ್ಲ, ಏನೂ ಬರಲಿಲ್ಲ. ಕರ್ಸರ್ ನಿಂತಲ್ಲೇ ನಿಂತಿತು. ಲ್ಯಾಪ್‌ಟಾಪಿನ ಫ್ಯಾನು ಮಾತ್ರ ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗಿತು.

“ಅದು ತಪ್ಪೇನೂ ಮಾಡಿಲ್ಲಪ್ಪಾ, ನೀ ಹೇಳಿದ್ದನ್ನ ನಂಬಿಕೊಂಡು ಕುಂತದ” ಎಂದಳು ಮಗಳು. ನಾನು ಹಳೆಯ ಎಕ್ಸ್‌ಗೆ ಒಂದು ಸೇರಿಸೆಂದು ಹೇಳಿದ್ದೆ. ಅದು ಹಳೆಯದನ್ನು ಬದಲಿಸದೆ ಅದೇ ಹೆಸರಿನ ಹೊಸದೊಂದನ್ನು ಹುಟ್ಟಿಸಿ, ಈ ಎಕ್ಸ್ ಎಂದರೆ ತನಗಿಂತ ತಾನೇ ಒಂದು ಹೆಚ್ಚಿರುವ ವಸ್ತು ಎಂದು ತಿಳಿದಿತ್ತು. ಅಂಥ ವಸ್ತುವನ್ನು ಹುಡುಕಲು ಮೊದಲು ಎಕ್ಸ್ ಬೇಕು, ಎಕ್ಸ್ ಬೇಕಾದರೆ ಎಕ್ಸ್ ಬೇಕು. ರೇಷನ್ ಕಾರ್ಡಿಗೆ ವಿಳಾಸದ ಪುರಾವೆ ತನ್ನಿ, ವಿಳಾಸದ ಪುರಾವೆಗೆ ರೇಷನ್ ಕಾರ್ಡು ತನ್ನಿ ಎಂದು ಅಲೆದಾಡಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹ್ಯಾಸ್ಕೆಲ್‌ನಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪುಗಳೂ ಇಲ್ಲ, ಎಲ್ಲಕ್ಕೂ ತನ್ನನ್ನು ತಾನೇ ಕರೆದುಕೊಳ್ಳುವ ಫಂಕ್ಷನ್ನೇ ಗತಿ. ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಪಡೆಯುವ ಫಿಬೊನಾಚಿ ಸರಣಿಯ 40ನೆಯ ಸಂಖ್ಯೆಯನ್ನು ಪಠ್ಯಪುಸ್ತಕದ ವ್ಯಾಖ್ಯೆಯಂತೆಯೇ ಬರೆದರೆ ಆ ಫಂಕ್ಷನ್ನಿಗೆ 33,11,60,281 ಕರೆಗಳು ಹೋಗುತ್ತವೆ. ಮೂವತ್ಮೂರು ಕೋಟಿ ದೇವತೆಗಳನ್ನು ಹೆಸರು ಹಿಡಿದು ಕೂಗಿ, ಆಮೇಲೂ ಹನ್ನೊಂದು ಲಕ್ಷ ಚಿಲ್ಲರೆ ಕೂಗು ಉಳಿಯುತ್ತದೆ.

ಇಷ್ಟನ್ನು ಹೇಗೋ ಸಹಿಸಬಹುದಿತ್ತು. ನನ್ನ ತಾಳ್ಮೆ ಕೆಡಿಸಿದ್ದು ಹ್ಯಾಸ್ಕೆಲ್‌ನ ಸೋಮಾರಿತನ. ಬೈಗುಳವಲ್ಲ, ಲೇಜಿ ಎಂಬುದೇ ಅದರ ಶಾಸ್ತ್ರೀಯ ಹೆಸರು. ಬೆಲೆ ಯಾರಿಗಾದರೂ ಬೇಕಾಗುವವರೆಗೆ ಅದು ಲೆಕ್ಕವನ್ನೇ ಮಾಡುವುದಿಲ್ಲ. ‘ಮಾಡುತ್ತೇನೆ’ ಎಂಬ ಚೀಟಿಯೊಂದನ್ನು ಬರೆದಿಟ್ಟುಕೊಳ್ಳುತ್ತದೆ. ಈ ಚೀಟಿಗೆ ಥಂಕ್ ಎಂದು ಹೆಸರು. ಇದರಿಂದಲೇ ಅಲ್ಲಿ ಕೊನೆಯಿಲ್ಲದ ಪಟ್ಟಿಯನ್ನೂ ಬರೆದು, ಅದರಿಂದ ಮೊದಲ ಐದನ್ನು ಮಾತ್ರ ತೆಗೆದುಕೊಳ್ಳಬಹುದು. ಮಗಳು ಈ ತತ್ವವನ್ನು ಕಲಿತಿರಲಿಲ್ಲ, ಮೈಗೂಡಿಸಿಕೊಂಡಿದ್ದಳು.

ಕಲಬುರಗಿಯ ಬೇಸಿಗೆಯಲ್ಲಿ ಕೂಲರಿಗೆ ನೀರು ತುಂಬುವುದು ಸಂಧ್ಯಾವಂದನೆಯಷ್ಟು ನಿಯಮಿತವಾಗಿ ನಡೆಯಬೇಕಾದ ಕೆಲಸ. “ಕೂಲರಿಗೆ ನೀರು ತುಂಬವಾ” ಎಂದರೆ “ತುಂಬ್ತೀನಪ್ಪಾ” ಎಂಬ ಉತ್ತರ ತಕ್ಷಣ ಬರುತ್ತಿತ್ತು, ನೀರು ಬರುತ್ತಿರಲಿಲ್ಲ. ಕೂಲರು ಒಣಹುಲ್ಲಿನ ಬಿಸಿಗಾಳಿ ಉಗುಳತೊಡಗಿ, ನಾನು ಬನಿಯನ್ ಹಿಂಡುತ್ತ ಎದುರು ನಿಂತಾಗ ಮಾತ್ರ ಅವಳು ಕೊಡ ಎತ್ತುತ್ತಿದ್ದಳು. ಮರುದಿನ ಮತ್ತೆ ಹೇಳಿದರೆ, “ನಿನ್ನಿನೇ ತುಂಬೀನಲ್ಲಪ್ಪಾ!” ಎಂದು ಬೆರಗಾಗುತ್ತಿದ್ದಳು. ಹ್ಯಾಸ್ಕೆಲ್ ಸಹ ಹೀಗೆಯೇ: ಒಮ್ಮೆ ಲೆಕ್ಕ ಹಾಕಿದ ಥಂಕಿನ ಬೆಲೆಯನ್ನು ನೆನಪಿಟ್ಟುಕೊಂಡು, ಮತ್ತೆ ಲೆಕ್ಕ ಹಾಕುವ ಗೋಜಿಗೆ ಹೋಗುವುದಿಲ್ಲ. ಆದರೆ ಹ್ಯಾಸ್ಕೆಲ್‌ನಲ್ಲಿ ನೀರು ಆವಿಯಾಗುವುದಿಲ್ಲ ಎಂದು ನಾನು ವಾದಿಸಿದ್ದಕ್ಕೆ, “ಅದು ಕೂಲರಿನ ತಪ್ಪು” ಎಂದಳು.

ಹೀಗೆ ಚೀಟಿಗಳು ಪೇರಿಕೊಂಡವು. ಅಟ್ಟದ ಹಾಸಿಗೆ ಇಳಿಸುವುದು, ಗ್ಯಾಸ್ ಬುಕ್ ಮಾಡುವುದು, ಜೋಳ ಬೀಸಿಸಿಕೊಂಡು ಬರುವುದು, ಎಲ್ಲಕ್ಕೂ “ಮಾಡ್ತೀನಪ್ಪಾ”. ಒಂದು ದಿನ ಬೀದರಿನಿಂದ ಬೀಗರು ಮುನ್ಸೂಚನೆಯಿಲ್ಲದೆ ಏಳು ಜನ ಬಂದಿಳಿದರು. ಹಾಸಿಗೆ, ಗ್ಯಾಸು, ಜೋಳದ ಹಿಟ್ಟು, ಕೂಲರಿನ ನೀರು ಎಲ್ಲವೂ ಒಂದೇ ಗಳಿಗೆಯಲ್ಲಿ ಬೇಕಾದವು. ಒಂದು ಕೋಟಿ ಸಂಖ್ಯೆಗಳನ್ನು ಎಡದಿಂದ ಸೋಮಾರಿಯಾಗಿ ಕೂಡಿಸಲು ಹೇಳಿದರೆ ಮುಂದೂಡಿದ ಕೂಡಿಕೆಗಳೇ ಮೆಮೊರಿಯಲ್ಲಿ ಬಣವೆಯಾಗುತ್ತವೆಂದೂ, ಆಯಾ ಹೆಜ್ಜೆಯ ಲೆಕ್ಕವನ್ನು ಆಗಲೇ ಮುಗಿಸುವ ಇನ್ನೊಂದು ಫಂಕ್ಷನ್ ಬಳಸಬೇಕೆಂದೂ ಅವಳೇ ನನಗೆ ಹೇಳಿಕೊಟ್ಟಿದ್ದಳು. ಆ ರಾತ್ರಿ ಇನ್ನೊಂದು ಫಂಕ್ಷನ್ ನಾನೇ ಆಗಿದ್ದೆ: ತಲೆಯ ಮೇಲೆ ಜೋಳದ ಚೀಲ, ಗಿರಣಿಯ ಬಾಗಿಲು ಮುಚ್ಚಲು ಹತ್ತು ನಿಮಿಷ.

ಮಗಳನ್ನು ಉದ್ಯಾನ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿ ಎಂಟು ದಿನವಾಯಿತು. ಈಗ ಕೂಲರಿಗೆ ನಾನು ಹೊತ್ತಿಗೆ ಸರಿಯಾಗಿ ನೀರು ತುಂಬುತ್ತೇನೆ. ಗಾಳಿ ತಂಪಾಗಿಯೇ ಬರುತ್ತದೆ. ಆದರೂ ಮೊನ್ನೆ ಸಂಜೆ ಯಾಕೋ ಬಾಯಿ ತಪ್ಪಿ ಒಳಗಿನ ಕೋಣೆಯ ಕಡೆ ಮುಖ ಮಾಡಿ “ನೀರು ತುಂಬವಾ” ಎಂದುಬಿಟ್ಟೆ. ‘ತುಂಬ್ತೀನಪ್ಪಾ’ ಎಂಬ ಆ ಪೊಳ್ಳು ಮಾತೂ ಬರಲಿಲ್ಲ.

ಚಹಾದ ಪ್ರಕರಣವನ್ನು ಫೋನಿನಲ್ಲಿ ಕೇಳಿ ಅವಳು ಬಹಳ ಹೊತ್ತು ನಕ್ಕಳು. “ಡಬ್ಬಿ ಮ್ಯಾಲಿನ ಚೀಟಿ ಅಂದ್ರ ಪ್ರೋಗ್ರಾಮಿನಾಗ ಓದೋರಿಗಂತ ಬರದಿಡೋ ಕಾಮೆಂಟ್ ಇದ್ದಂಗಪ್ಪಾ. ಒಳಗ ಏನದ ಅಂತ ಅದಕ್ಕೇನು ಗೊತ್ತು? ಟೈಪ್ ಚೆಕ್ ಮಾಡಬೇಕು, ಹಾಲಿಗೆ ಹಾಕೋಕಿಂತ ಮೊದಲ” ಎಂದಳು. ಹ್ಯಾಸ್ಕೆಲ್ ಪ್ರೋಗ್ರಾಂ ಓಡುವ ಮುನ್ನವೇ ಪ್ರತಿಯೊಂದರ ಟೈಪನ್ನು, ಅಂದರೆ ಅದು ಯಾವ ಬಗೆಯ ವಸ್ತು ಎಂಬುದನ್ನು, ತಾಳೆ ನೋಡಿ, ಹೊಂದದಿದ್ದರೆ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅದರ ಕಿರಿಕಿರಿಗಳಲ್ಲಿ ನಾನು ಮನಸಾರೆ ಮೆಚ್ಚಿದ್ದು ಇದೊಂದನ್ನೇ. ಅಂದಿನಿಂದ ಅಡುಗೆಮನೆಯಲ್ಲಿ ಯಾವ ಡಬ್ಬಿ ತೆರೆದರೂ ಮೊದಲು ಮೂಸಿ ನೋಡುತ್ತೇನೆ. ಹೆಂಡತಿ ಇದನ್ನು ತನ್ನ ಅಡುಗೆಗಾದ ಅವಮಾನವೆಂದು ತಿಳಿದು ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ರಾಜಿಯ ಕುರುಹಾಗಿ ಆ ಡಬ್ಬಿಯ ಹಳೆಯ ಚೀಟಿ ಕಿತ್ತು, ದಪ್ಪ ಅಕ್ಷರದಲ್ಲಿ ‘ಅಗಸಿ ಹಿಂಡಿ’ ಎಂದು ಬರೆದು ಅಂಟಿಸಿದಳು.

ಇಂದು ಬೆಳಿಗ್ಗೆ ರೊಟ್ಟಿಗೆಂದು ಅದನ್ನು ತೆರೆದು, ಮೂಸಿದೆ. ಚಹಾಪುಡಿ.